ಕರೆಂಟಿನ ಮನೆಯ ಗೇಟು

ಬೀರಸಿದ್ದಪ್ಪನಿಗೆ ಕೂತಲ್ಲಿ ಕೂರಲಾಗದ ಚಾಳಿ ಅಂಟಿಕೊಂಡದ್ದು ಕರೆಂಟಿನ ಮನೆ ಮುಚ್ಚಿದ ಮೇಲೆ. ಅದಕ್ಕೂ ಮೊದಲು ಅವನಷ್ಟು ಗಟ್ಟಿಯಾಗಿ ಒಂದೇ ಕಡೆ ಕೂರಬಲ್ಲ ಮನುಷ್ಯ ಗೋಕಾಕ ತಾಲೂಕಿನಲ್ಲೇ ಇರಲಿಲ್ಲವೆಂದು ಅವನ ಹೆಂಡತಿ ಸಾವಿತ್ರವ್ವ ಹೇಳುತ್ತಿದ್ದಳು, ಹೊಗಳಿಕೆಗಲ್ಲ. ಇಪ್ಪತ್ತೊಂಬತ್ತು ವರ್ಷ ಒಂದೇ ಗೇಟು, ಒಂದೇ ಕಲ್ಲುಕಟ್ಟೆ, ಒಂದೇ ಖಾಕಿ ಕೋಟು. ಕೋಟು ಮೂರು ಸಲ ಬದಲಾಗಿತ್ತು ನಿಜ, ಆದರೆ ಮೂರೂ ಒಂದೇ ಅಳತೆಯವು, ಮೂರೂ ಅವನಿಗೆ ದೊಡ್ಡವು.

ಧುಪದಾಳದಿಂದ ಕೆಳಗೆ, ಘಟಪ್ರಭೆ ಒಂದು ಸುತ್ತು ಹಾಕಿ ತಿರುಗುವ ಕಡೆ, ಹೊಳೆಯ ದಂಡೆಗೆ ಅಂಟಿಕೊಂಡು ಆ ಕಟ್ಟಡವಿತ್ತು. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಹೆಸರು. ಊರವರಿಗೆ ಅದು ಕರೆಂಟಿನ ಮನಿ. ರೈಲ್ವೆ ಸ್ಟೇಷನ್ನಿನಿಂದ ಎತ್ತಿನ ಬಂಡಿಗಳಲ್ಲಿ ಕಲ್ಲಿದ್ದಲು ಬರುತ್ತಿತ್ತು, ಪಂಪು ಹೊಳೆಯ ನೀರನ್ನು ಎಳೆದು ಬಾಯ್ಲರಿಗೆ ಕುಡಿಸುತ್ತಿತ್ತು, ಆ ಹಬೆಯಿಂದ ಹುಟ್ಟಿದ ಕರೆಂಟು ಪೇಟೆಯ ಬೀದಿದೀಪಗಳನ್ನೂ ನಾಲ್ಕಾರು ಅರಳೆ ಗಿರಣಿಗಳನ್ನೂ ನಡೆಸುತ್ತಿತ್ತು. ತಮಾಷೆಯೆಂದರೆ ಗೇಟಿನ ಎದುರಿನ ಹಳ್ಳಿಗೆ ಮಾತ್ರ ಒಂದು ದೀಪವೂ ಬಂದಿರಲಿಲ್ಲ. ಹೊಗೆ ಬಂದಿತ್ತು.

ಐವತ್ತೇಳರಲ್ಲಿ ದೂರದ ಯಾವುದೋ ಅಣೆಕಟ್ಟಿನಿಂದ ದೊಡ್ಡ ತಂತಿ ಬಂತು. ಕಬ್ಬಿಣದ ಕಂಬಗಳು ಹೊಲಗಳಲ್ಲಿ ಕಾಲಗಲಿಸಿ ನಿಂತವು. ಬಾಯ್ಲರಿನ ಬೆಂಕಿ ಒಂದು ಸೋಮವಾರ ಆರಿತು, ಮತ್ತೆ ಹೊತ್ತಲಿಲ್ಲ. ಇಂಜಿನಿಯರು ಪುಣೆಯ ಕಡೆ ಹೋದ. ಫಿಟ್ಟರುಗಳು ಬೇರೆ ಕೆಲಸ ಹುಡುಕಿಕೊಂಡರು. ಇದ್ದಲು ಸುರಿಯುತ್ತಿದ್ದವರು ಹೊಲದ ಕೂಲಿಗೆ ಮರಳಿದರು. ಒಳಗೆ ಕಬ್ಬಿಣವಿದೆ, ತಾಮ್ರವಿದೆ, ಕಾಯುವವನೊಬ್ಬ ಬೇಕು ಎಂದು ಬೀರಸಿದ್ದಪ್ಪನನ್ನು ಮಾತ್ರ ಉಳಿಸಿದರು. ‘ಮುಂದಿನ ಹುಕುಂ ಬರುವವರೆಗೆ’ ಎಂದು ಅವನ ಕಾಗದದಲ್ಲಿ ಬರೆದಿತ್ತು. ಆ ಹುಕುಂ ಎಲ್ಲಿಂದ ಬರಬೇಕೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಜಾಗದ ಕರಾರು ಮುಂಬಯಿ ಸರಕಾರದ ಕಾಲದ್ದು. ಈಗ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಫೈಲು ಮುಂಬಯಿ ಬಿಟ್ಟಿದೆ, ಬೆಂಗಳೂರು ಮುಟ್ಟಿಲ್ಲ ಎಂದು ಕೆಲವರು ಹೇಳಿದರು. ಮುಟ್ಟಿದೆ, ಮರಾಠಿಯಲ್ಲಿರುವುದರಿಂದ ಯಾರೂ ಬಿಚ್ಚಿಲ್ಲ ಎಂದು ಇನ್ನು ಕೆಲವರು ಹೇಳಿದರು.

ಅಲ್ಲಿಂದ ಶುರುವಾಯಿತು ನೋಡಿ ಬೀರಸಿದ್ದಪ್ಪನ ಓಡಾಟ. ತಿಂಗಳಿಗೊಬ್ಬರು ಟೇಪು ಹಿಡಿದುಕೊಂಡು ಬರುತ್ತಿದ್ದರು. ಒಬ್ಬರು ಇಲ್ಲಿ ಅರಳೆ ಗಿರಣಿ ಆಗುತ್ತದೆ ಎಂದರು. ಮೂಡಲಗಿಯ ಕಡೆಯವರೊಬ್ಬರು ಸಕ್ಕರೆ ಕಾರ್ಖಾನೆ ಎಂದರು. ಮೂರನೆಯವರು ಮೀನುಮರಿ ಸಾಕಲು ಕೆರೆ ತೋಡುತ್ತೇವೆಂದು ಹೊಳೆಯ ಪಕ್ಕದಲ್ಲೇ ನಿಂತು ಹೇಳಿದರು, ಹೊಳೆಯಲ್ಲಿ ಮೀನೇ ಇಲ್ಲವೆಂಬಂತೆ. ಹುಕ್ಕೇರಿಯ ಗುಜರಿ ವ್ಯಾಪಾರಿಯೊಬ್ಬ ಎಮ್ಮೆ ಕೊಳ್ಳುವವನ ಹಾಗೆ ಬಾಯ್ಲರಿನ ಹೊಟ್ಟೆ ತಟ್ಟಿ ನೋಡಿ ಹೋದ. ಎಲ್ಲರಿಗೂ ಬೀರಸಿದ್ದಪ್ಪ ಗೇಟು ತೆಗೆದ, ಸಲಾಮು ಹೊಡೆದ, ಹಿಂದೆ ಹಿಂದೆ ತಿರುಗಿದ, ಹೋದ ಮೇಲೆ ಗೇಟು ಹಾಕಿದ. ಆಮೇಲೆ ಅವನಿಗೆ ಕಟ್ಟೆಯ ಮೇಲೆ ಕೂರಲಾಗುತ್ತಿರಲಿಲ್ಲ. ಕಂಪೌಂಡಿನ ಗೋಡೆಗುಂಟ ಸುತ್ತುತ್ತಿದ್ದ. ಗೋಡೆಯ ಬದಿಗೆ ಅವನ ಕಾಲಿನದೇ ಒಂದು ದಾರಿ ಬಿದ್ದಿತ್ತು.

ಗಂಡಹೆಂಡತಿ ಇಬ್ಬರಿಗೆ ಕಂಪೌಂಡಿನ ಒಳಗೇ ಒಂದು ಕೋಣೆಯ ಕ್ವಾರ್ಟರ್ಸು. ಅದರ ಹಿಂದೆ ಕೈಯಗಲ ಹಿತ್ತಿಲು.

“ಏನ್ರಿ, ಈ ವರ್ಷರೆ ಬದನಿ ಅಗಿ ಹಚ್ಚಲೋ ಬ್ಯಾಡೋ?” ಎಂದು ಸಾವಿತ್ರವ್ವ ಪ್ರತಿ ಮಳೆಗಾಲ ಕೇಳುತ್ತಿದ್ದಳು.

“ತಡಿ. ಏನರ ಒಂದ ಗೊತ್ತಾಗಲಿ.”

“ಗೊತ್ತಾಗೂತನಕ ಬದನಿಕಾಯಿ ಸಂತಿಯಿಂದನ ತರಬೇಕೇನ್ರಿ?”

ಹೀಗೆ ಮೂರು ಮಳೆಗಾಲ ಹಿತ್ತಿಲು ಪಾಳು ಬಿತ್ತು. ನೌಕರಿ ಹೋಗುವ ಚಿಂತೆಗೆ ಗಂಡ ಹೀಗಾಗಿದ್ದಾನೆಂದು ಊರೆಲ್ಲ ತಿಳಿದಿತ್ತು. ಸಾವಿತ್ರವ್ವನಿಗೆ ಮಾತ್ರ ಗೊತ್ತಿತ್ತು, ಅವನಿಗೆ ಆ ಜಾಗದಿಂದ ಬೇಕಾಗಿದ್ದದ್ದು ಬೇರೆಯೇ.

ಬಾಯ್ಲರ್ ಮನೆಯ ಹಿಂದೆ, ಕಂಪೌಂಡಿನ ಒಳಗೆ, ದಂಡೆಯಿಂದ ಹೊಳೆಯೊಳಕ್ಕೆ ಒಂದು ಅಗಲವಾದ ಬಂಡೆ ಇಳಿಜಾರಾಗಿ ಇಳಿಯುತ್ತದೆ. ಅದರ ಹೆಸರು ಹಾಸಗಲ್ಲು. ಅಲ್ಲಿ ಕೆಸರಿಲ್ಲ, ಸೆಳವಿಲ್ಲ, ನೀರು ಮನುಷ್ಯನ ಸೊಂಟಕ್ಕೆ ಬಂದು ನಿಲ್ಲುತ್ತದೆ. ದಸರೆ ಮುಗಿದು ಹೊಳೆ ತಿಳಿಯಾದ ಮೇಲೆ ಕುರುಬರು ಕುರಿಗಳ ಉಣ್ಣೆ ಕತ್ತರಿಸುತ್ತಾರೆ. ಕತ್ತರಿಸುವ ಮೊದಲು ಒಂದೊಂದು ಕುರಿಯನ್ನೂ ಹೊಳೆಗಿಳಿಸಿ ತೊಳೆಯಬೇಕು. ಒಬ್ಬ ನೀರಿನಲ್ಲಿ ನಿಂತು ಹಿಡಿದುಕೊಳ್ಳುತ್ತಾನೆ, ಇನ್ನೊಬ್ಬ ತಿಕ್ಕುತ್ತಾನೆ. ಸುತ್ತಲಿನ ಹಳ್ಳಿಗಳ ಕುರಿಗಳನ್ನೆಲ್ಲ ಅಜ್ಜ ಮುತ್ತಜ್ಜರ ಕಾಲದಿಂದ ತೊಳೆದದ್ದು ಹಾಸಗಲ್ಲಿನ ಮೇಲೆ. ಕರೆಂಟಿನ ಕಂಪನಿಯವರು ಗೋಡೆ ಕಟ್ಟಿದ ಮೇಲೆ ಅದು ನಿಂತಿತು. ಗೇಟಿಗೊಬ್ಬ ಕಾವಲುಗಾರ ಬೇಕಾದಾಗ, ಕುರುಬರನ್ನು ತಡೆಯಲು ಕುರುಬನೇ ಸರಿಯೆಂದು ಲೆಕ್ಕ ಹಾಕಿ ಬೀರಸಿದ್ದಪ್ಪನಿಗೆ ಕೋಟು ತೊಡಿಸಿದರು. ಆಗ ಅವನಿಗೆ ಇಪ್ಪತ್ತು ವರ್ಷ. ಹಿತ್ತಾಳೆಯ ಗುಂಡಿಗಳಿಗೆ ಮರುಳಾಗುವ ವಯಸ್ಸು.

ಕುರಿಗಳು ಅಂದಿನಿಂದ ಒಂದು ಹರದಾರಿ ಆಚೆಯ ಮಡುವಿಗೆ ಹೋಗತೊಡಗಿದವು. ಅಲ್ಲಿ ಕಾಲಿಟ್ಟರೆ ಮೊಣಕಾಲು ಮಟ ಕೆಸರು, ಎರಡು ಹೆಜ್ಜೆ ಮುಂದೆ ಹೋದರೆ ಆಳ. ವರ್ಷಕ್ಕೆ ಐದಾರು ಕುರಿ ಹೊಳೆಯ ಪಾಲಾಗುತ್ತಿದ್ದವು. ಆದರೂ ವರ್ಷಕ್ಕೊಮ್ಮೆ ಯಾರಾದರೊಬ್ಬರು ಗೇಟಿನ ಮುಂದೆ ನಿಂತು ಕೇಳುತ್ತಿದ್ದರು, ಬೀರಸಿದ್ದಪ್ಪ ಇಲ್ಲ ಎನ್ನುತ್ತಿದ್ದ, ಅವರು ಹೋಗುತ್ತಿದ್ದರು. ಅದೊಂದು ಹಬ್ಬದ ಆಚರಣೆಯ ಹಾಗೇ ಆಗಿಬಿಟ್ಟಿತ್ತು.

ಸ್ವಾತಂತ್ರ್ಯ ಬಂದ ವರ್ಷ ಕೇಳಲು ಬಂದವನು ಸೋಮಪ್ಪ. ಕುರಿ ಹಿಂಡಿನ ಹಿರಿಯ ಮಾಳಪ್ಪನ ತಮ್ಮ, ಬೀರಸಿದ್ದಪ್ಪನ ಜೊತೆಗೇ ಆಡಿ ಬೆಳೆದವನು, ಮಾತಿನಲ್ಲಿ ಬಲು ಚೂಟಿ. ಆಗಸ್ಟಿನಲ್ಲಿ ಚಿಮಣಿಯ ಪಕ್ಕದ ಕಂಬಕ್ಕೆ ಧ್ವಜ ಏರಿಸಿ ಪೇಡೆ ಹಂಚಿದ್ದರು.

“ಏನಪಾ ಬೀರಸಿದ್ದಾ, ದೇಶಕ್ಕೆಲ್ಲಾ ಸ್ವಾತಂತ್ರ್ಯ ಬಂತಂತ. ನಿನ್ನ ಗೇಟಿಗಿ ಇನ್ನೂ ಬಂದಿಲ್ಲೇನು?” ಎಂದ ಸೋಮಪ್ಪ. ಹಿಂದೆ ನಿಂತಿದ್ದ ಹೆಂಗಸರು ನಕ್ಕರು.

ಬೀರಸಿದ್ದಪ್ಪನಿಗೆ ಆ ನಗು ನಾಟಿತು. “ಸಾಹೇಬರು ಒಳಗ ಅದಾರ. ಕಂಡ್ರ ನನ್ನ ನೌಕರಿ ಹೋಗ್ತೈತಿ. ಹೋಗ್ರಿ ಸುಮ್ನ,” ಎಂದ.

ಇಂಜಿನಿಯರ್ ಸಾಹೇಬರು ಒಳಗಿರಲಿಲ್ಲ. ಅವತ್ತು ಅವರು ಬೆಳಗಾವಿಗೆ ಹೋಗಿದ್ದರು, ಮರುದಿನ ಬರುವವರಿದ್ದರು. ಒಂದು ದಿನದ ಮಟ್ಟಿಗೆ ಗೇಟು ತೆಗೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೂ ಬೀರಸಿದ್ದಪ್ಪ ತೆಗೆಯಲಿಲ್ಲ. ರೂಢಿ ಎನ್ನಿ, ನಕ್ಕರೆಂಬ ಸಿಟ್ಟು ಎನ್ನಿ. ಅವತ್ತು ಮಧ್ಯಾಹ್ನ ಮಡುವಿನಲ್ಲಿ ಒಂದು ಟಗರು ಕೈ ತಪ್ಪಿ ಆಳಕ್ಕೆ ಹೋಯಿತು. ಹಿಡಿಯಲು ಹೋದ ಸೋಮಪ್ಪ ಮೇಲೆ ಬರಲಿಲ್ಲ. ಟಗರು ಆಚೆ ದಂಡೆಗೆ ಈಜಿ ಹತ್ತಿತು.

ಯಾರೂ ಬೀರಸಿದ್ದಪ್ಪನಿಗೆ ಒಂದು ಮಾತು ಅನ್ನಲಿಲ್ಲ. ಪಾಪ, ಸಾಹೇಬ ಒಳಗಿದ್ದನಂತೆ, ಅವನೇನು ಮಾಡಿಯಾನು ಎಂದು ಊರೇ ಅವನ ಪರವಾಗಿ ಮಾತಾಡಿತು. ಅದೇ ಅವನನ್ನು ಸುಟ್ಟದ್ದು. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದ. ಮಾಳಪ್ಪ ಬೈಯಲಿಲ್ಲ, ಮಾತೂ ಆಡಲಿಲ್ಲ. ಮರುವರ್ಷದಿಂದ ಗೇಟಿನ ಮುಂದೆ ನಿಂತು ಕೇಳುವುದನ್ನೂ ಬಿಟ್ಟ. ಹಿಂಡು ದೂಳೆಬ್ಬಿಸಿಕೊಂಡು ನೇರ ಮಡುವಿನ ದಾರಿ ಹಿಡಿಯುತ್ತಿತ್ತು. ಬೀರಸಿದ್ದಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಸಾಹೇಬ ಬೆಳಗಾವಿಯಲ್ಲಿದ್ದ ಸಂಗತಿಯನ್ನು ಅವನು ಹೆಂಡತಿಯೊಬ್ಬಳಿಗೆ ಹೇಳಿದ್ದ, ಅದೂ ಮೂರು ವರ್ಷದ ಮೇಲೆ.

ಈಗ ಕರೆಂಟಿನ ಮನೆ ಮುಚ್ಚಿದೆ. ಜಾಗ ಏನಾಗುತ್ತದೋ ಯಾರಿಗೂ ತಿಳಿಯದು. ಹಾಸಗಲ್ಲೊಂದು ಕುರಿಗಳಿಗೆ ತಿರುಗಿ ಸಿಕ್ಕರೆ ಸಾಕು, ಅದೂ ತನ್ನ ಕೈಯಿಂದಲೇ ಸಿಗಬೇಕು. ಇದು ಬೀರಸಿದ್ದಪ್ಪನ ಹಂಬಲ. ಟೇಪು ಹಿಡಿದು ಬಂದವರ ಹಿಂದೆ ಅವನು ನಾಯಿಯ ಹಾಗೆ ಸುತ್ತುತ್ತಿದ್ದದ್ದು ಇದಕ್ಕೇ. ಅವರು ಬಂಡೆಯ ಕಡೆ ಅಳತೆ ಹಿಡಿದರೆ ಅವನು ಅರ್ಧ ರೊಟ್ಟಿಗೇ ಏಳುತ್ತಿದ್ದ, ಆ ಕಡೆ ಹೋಗದಿದ್ದರೆ ಆ ದಿನ ಎರಡು ರೊಟ್ಟಿ ಹೆಚ್ಚಿಗೆ.

ಅರವತ್ತನೆಯ ಇಸವಿಯ ಆಷಾಢದಲ್ಲಿ ಸರಕಾರಿ ಜೀಪಿನಲ್ಲಿ ಒಬ್ಬ ಸಾಹೇಬರು ಬಂದರು. ಇವರು ಬರೀ ಅಳೆಯುವವರಲ್ಲ, ಜಾಗದ ಬಗ್ಗೆ ಮೇಲಕ್ಕೆ ವರದಿ ಬರೆಯುವವರು. ವಯಸ್ಸಾದವರು, ಸಾವಧಾನದ ಮನುಷ್ಯ, ಮಂಡಿನೋವಿತ್ತು. ಕಂಪೌಂಡು ಒಂದು ಸುತ್ತು ಬರುವಷ್ಟರಲ್ಲಿ ಸುಸ್ತಾಗಿ ಎಲ್ಲಾದರೂ ಕೂರಬೇಕೆಂದರು.

ಬೀರಸಿದ್ದಪ್ಪ ಎಲ್ಲಿಲ್ಲದ ಚುರುಕಿನಿಂದ ಕ್ವಾರ್ಟರ್ಸಿಗೆ ಓಡಿದ. ಬರುವಾಗ ಅವನ ಹೆಗಲ ಮೇಲೆ ಮನೆಯ ಕರಿ ಕಂಬಳಿ ಇತ್ತು. ಅದನ್ನು ಬೇವಿನ ಮರದ ನೆರಳಿಗೆ ನಾಲ್ಕು ಮೂಲೆ ಸರಿಮಾಡಿ ಹಾಸಿದ. ಸಾಹೇಬರ ಬೆನ್ನು ತಿರುಗಿದಾಗ ಒಂದು ಮೂಲೆಗೆ ಚಿಟಿಕೆ ಭಂಡಾರ, ಅಂದರೆ ಬೀರಪ್ಪ ದೇವರ ಅರಿಷಿಣ, ಉದುರಿಸಿದ. ಕುರುಬರ ಮನೆತನಗಳಲ್ಲಿ ಭಂಡಾರ ಬಿದ್ದ ಕಂಬಳಿ ಬರೀ ಹಾಸಿಗೆಯಲ್ಲ, ದೇವರ ಗದ್ದುಗೆ. ಅಣ್ಣತಮ್ಮಂದಿರು ಕುರಿ ಹಂಚಿಕೊಳ್ಳುವುದು, ಬೀಗರು ಹೆಣ್ಣು ಒಪ್ಪಿಸಿಕೊಳ್ಳುವುದು ಎಲ್ಲ ಅದರ ಮೇಲೆಯೇ. ಅಲ್ಲಿ ಕೂತು ಆಡಿದ ಮಾತನ್ನು ಯಾರೂ ಹಿಂದೆ ತೆಗೆದುಕೊಂಡದ್ದಿಲ್ಲ. ಸಾಹೇಬರು ಆರಾಮಾಗಿ ಕಾಲು ಚಾಚಿ ಕೂತರು. ಸಾವಿತ್ರವ್ವ ಹಾಲು ತಂದುಕೊಟ್ಟಳು. ಬೀರಸಿದ್ದಪ್ಪ ಕೈಕಟ್ಟಿ ನಿಂತು ಹಾಸಗಲ್ಲಿನ ಕತೆಯನ್ನೆಲ್ಲ ಹೇಳಿದ, ಸೋಮಪ್ಪನದೊಂದನ್ನು ಬಿಟ್ಟು.

“ಜಾಗ ಯಾರಿಗರೆ ಕೊಡ್ರಿ ಸಾಹೇಬ್ರ. ಆ ಬಂಡಿಗಿ ಹೋಗಾಕ ಕುರಿಗೊಂದ ದಾರಿ ಬಿಡ್ರಿ. ಇಷ್ಟ ನಮ್ಮ ಕೇಳಿಕಿ.”

ಸಾಹೇಬರು ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡರು. “ಮೊದಲಿನಿಂದ ಇದ್ದ ದಾರಿ ಅಂದ್ರೆ ಇರಲಿ ಬಿಡಪ್ಪ. ಅದರಲ್ಲಿ ಏನಿದೆ? ನೋಡೋಣ,” ಎಂದರು.

‘ಇರಲಿ ಬಿಡಪ್ಪ’ ಎಂಬುದು ಬೀರಸಿದ್ದಪ್ಪನ ಕಿವಿಗೆ ಬಿತ್ತು. ‘ನೋಡೋಣ’ ಎಂಬುದು ಗಾಳಿಗೆ ಹೋಯಿತು. ಜೀಪು ಮರೆಯಾಗುವ ಮೊದಲೇ ಅವನು ಹೆಂಡತಿಯನ್ನು ಕರೆದ. “ಮಾತ ಕೊಟ್ಟರು. ಕಂಬಳಿ ಮ್ಯಾಲ ಕುಂತ ಕೊಟ್ಟಾರ.”

“ಅದು ಗದ್ದಿಗಿ ಅನ್ನೂದು ಅವರಿಗಿ ಗೊತ್ತಿತ್ತೇನ್ರಿ?” ಎಂದಳು ಸಾವಿತ್ರವ್ವ.

“ದೇವರಿಗಿ ಗೊತ್ತೈತೆಲ್ಲ.”

ಆ ಸಂಜೆಯೇ ಅವನು ಮಾಳಪ್ಪನ ಹಟ್ಟಿಗೆ ಹೋದ. ಹದಿಮೂರು ವರ್ಷದಲ್ಲಿ ಮೊದಲ ಸಲ ಆ ಅಂಗಳದಲ್ಲಿ ಕಾಲಿಟ್ಟದ್ದು. ಮಾಳಪ್ಪ ಉಣ್ಣೆ ಹಿಂಜುತ್ತಿದ್ದ, ತಲೆ ಎತ್ತಲಿಲ್ಲ.

“ಅಣ್ಣಾ, ಈ ದಸರಿ ಆದ ಮ್ಯಾಲ ಕುರಿ ಹಾಸಗಲ್ಲಿಗಿ ಹೊಡಕೊಂಡ ಬಾ. ದೊಡ್ಡ ಸಾಹೇಬರು ಕಂಬಳಿ ಮ್ಯಾಲ ಕುಂತ ಮಾತ ಕೊಟ್ಟಾರ.”

ಮಾಳಪ್ಪನ ಕೈ ನಿಂತಿತು. “ಭಂಡಾರ ಹಾಕಿದ ಕಂಬಳಿ ಏನು?”

“ಹೌದು.”

“ಹಂಗಾರ ಆತು,” ಎಂದ ಮಾಳಪ್ಪ. ಒಳಗಿನಿಂದ ಒಂದು ಚರಿಗೆ ನೀರು ತರಿಸಿ ಅವನ ಮುಂದೆ ಇಟ್ಟ. ಬೀರಸಿದ್ದಪ್ಪ ಅಷ್ಟೂ ನೀರನ್ನು ಒಂದೇ ಉಸಿರಿಗೆ ಕುಡಿದ. ಬರುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬಂದ.

ಇಪ್ಪತ್ತು ದಿನದ ಮೇಲೆ ಗೇಟಿನ ಕಂಬಕ್ಕೆ ಒಂದು ನೋಟೀಸು ಅಂಟಿತು. ಅದನ್ನು ಓದಿ ಹೇಳಿದವನು ಲಗಮಣ್ಣ. ಹಿಂದೆ ಬಾಯ್ಲರಿಗೆ ಇದ್ದಲು ಸುರಿಯುತ್ತಿದ್ದವನು, ಈಗ ಅಂಕಲಗಿಯ ಕಡೆ ಹೊಲದ ಕೆಲಸಕ್ಕೆ ಹೋಗುತ್ತಿದ್ದ. ಅವನ ಕೇರಿಯ ಹತ್ತಾರು ಮನೆಗಳವರು ಆಗಷ್ಟೇ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ದೊಡ್ಡವನಾದ ಮೇಲೆ ಹಟ ಹಿಡಿದು ಅಕ್ಷರ ಕಲಿತಿದ್ದ ಅವನು ಏನು ಸಿಕ್ಕರೂ ಓದುತ್ತಿದ್ದ, ಬೀಡಿಕಟ್ಟಿನ ಚೀಟಿಯನ್ನೂ ಬಿಡುತ್ತಿರಲಿಲ್ಲ.

“ಯಣ್ಣಾ, ಈ ಜಾಗದ ಮ್ಯಾಲ ಯಾರದರ ಹಕ್ಕು, ದಾರಿ, ಏನರ ತಕರಾರು ಇದ್ರ ಮೂವತ್ತ ದಿನದಾಗ ಬರದ ಕೊಡಬೇಕಂತರಿ. ಆಮ್ಯಾಲ ಕೇಳಂಗಿಲ್ಲಂತ. ಕುರಿ ದಾರಿದ ಅರ್ಜಿ ಬರಸ್ರಿ. ನಾನ ಬರದ ಕೊಡ್ತೇನಿ, ಎಲ್ಲಾರೂ ಹೆಬ್ಬೆಟ್ಟ ಒತ್ರಿ,” ಎಂದ.

ಬೀರಸಿದ್ದಪ್ಪ ದೊಡ್ಡ ಮನುಷ್ಯನ ಹಾಗೆ ಕೈಯಾಡಿಸಿದ. “ಬ್ಯಾಡ ಲಗಮಣ್ಣಾ. ಗದ್ದಿಗಿ ಮ್ಯಾಲ ಮಾತ ಆಗೇತಿ. ಅದರ ಮ್ಯಾಲ ಮತ್ತ ಅರ್ಜಿ ಕೊಟ್ಟರ ಆ ಮಾತ ನಂಬಿಲ್ಲ ಅಂದಂಗ. ಕಂಬಳಿಗಿ ಅಪಮಾನ.”

ಲಗಮಣ್ಣ ನೋಟೀಸಿನ ಎದ್ದ ಮೂಲೆಯನ್ನು ಒತ್ತಿ ಸರಿಮಾಡಿದ. “ನಿಮ್ಮ ಕಂಬಳಿ ದೊಡ್ಡದಿರಬೇಕರಿ. ಬಾಯಿಮಾತಿನ ಮ್ಯಾಲ ನಮ್ಮ ಕೇರಿಗಿ ಇವತ್ತಿನತನ ಒಂದ ಹಿಡಿ ಮಣ್ಣೂ ಬಂದಿಲ್ಲ. ಬಂದದ್ದೆಲ್ಲ ಕಾಗದದ ಮ್ಯಾಲ ಬಂದೈತಿ. ವಿಚಾರ ಮಾಡ್ರಿ,” ಎಂದು ಹೋದ.

ವಿಚಾರ ಮಾಡಬೇಕಾದ ಹೊತ್ತಿನಲ್ಲಿ ಬೀರಸಿದ್ದಪ್ಪ ಹಾಸಗಲ್ಲಿನ ಪಾಚಿ ಕೆರೆಯುತ್ತ ಕೂತ. ಮೂವತ್ತು ವರ್ಷದ ಪಾಚಿ. ಮಾಳಪ್ಪನ ಕಡೆಯವರೂ ನೋಟೀಸಿನ ಸುದ್ದಿ ಕೇಳಿ ಬಂದು, ಏನು ಮಾಡೋಣ ಎಂದರು. ಅವರಿಗೂ ಅದೇ ಉತ್ತರ ಕೊಟ್ಟ. ಅವರಿಗೂ ಅದು ಸರಿಯೆನಿಸಿತು. ಮೂವತ್ತು ದಿನ ಮುಗಿದವು.

ನಲವತ್ತನೆಯ ದಿನಕ್ಕೆ ಆಳುಗಳು ಬಂದು ಹೊಳೆಯ ಅಂಚಿನವರೆಗೂ ಗಡಿಕಲ್ಲು ನೆಟ್ಟರು. ಒಂದು ಕಲ್ಲು ಹಾಸಗಲ್ಲಿಗೆ ಇಳಿಯುವ ಕಡೆಯೇ ಬಂತು. ಕೇಳಿದರೆ, ನಮಗೇನು ಗೊತ್ತು, ನಕ್ಷೆಯಲ್ಲಿ ದಾರಿ ಇಲ್ಲ ಎಂದರು. ಬೀರಸಿದ್ದಪ್ಪ ಆ ದಿನ ಊಟ ಮಾಡಲಿಲ್ಲ. ಮರುದಿನ ಮೊದಲ ಬಸ್ಸಿಗೆ ಗೋಕಾಕಿಗೆ ಹೋದ.

ಸಾಹೇಬರು ಕಚೇರಿಯಲ್ಲೇ ಸಿಕ್ಕರು. ಗುರುತು ಹಿಡಿದರು, ಕೂರು ಎಂದರು.

“ಸಾಹೇಬ್ರ, ಅವತ್ತ ಕಂಬಳಿ ಮ್ಯಾಲ ಕುಂತ ಮಾತ ಕೊಟ್ಟಿದ್ರಿ.”

“ಕಂಬಳಿ?” ಸಾಹೇಬರು ನೆನಪು ಮಾಡಿಕೊಂಡರು. “ಹಾಂ, ಹೌದು. ಸ್ವಲ್ಪ ಚುಚ್ಚುತ್ತಿತ್ತು. ಆದರೆ ಹಾಲು ಬಹಳ ಚೆನ್ನಾಗಿತ್ತು.”

ಬೀರಸಿದ್ದಪ್ಪನಿಗೆ ಕೂತ ಬೆಂಚು ಅಲುಗಿದ ಹಾಗಾಯಿತು. ಅವನು ಇಡೀ ಕತೆ ಮತ್ತೆ ಹೇಳಿದ. ಸಾಹೇಬರು ಕೆಟ್ಟವರಲ್ಲ. ಪೂರಾ ಕೇಳಿಸಿಕೊಂಡರು, ಪಾಪ ಎನ್ನುವ ಮುಖ ಮಾಡಿದರು. “ಒಂದು ಅರ್ಜಿ ಬಂದಿದ್ದರೆ ನಾನೇ ಬರೆದು ಕಳಿಸುತ್ತಿದ್ದೆನಪ್ಪ. ಮುದ್ದತ್ತು ಮುಗಿಯಿತು. ಒಂದೂ ತಕರಾರು ಬಂದಿಲ್ಲ ಎಂದು ವರದಿ ಹೋಗಿದೆ.”

“ಮತ್ತ ಆ ಜಾಗ ಏನ ಆಗೂದೈತ್ರಿ?”

“ಅದು ನನಗೂ ತಿಳಿಯದು. ಇವತ್ತು ಗಿರಣಿ ಅನ್ನುತ್ತಾರೆ, ನಾಳೆ ಕಾಲೇಜು ಅನ್ನುತ್ತಾರೆ. ಹತ್ತು ವರ್ಷ ಹೀಗೇ ಬಿದ್ದಿದ್ದರೂ ಆಶ್ಚರ್ಯವಿಲ್ಲ. ಹುಕುಂ ಬರುವತನಕ ಗೇಟು ಮಾತ್ರ ಮುಚ್ಚಿರಬೇಕು. ದನ, ಕುರಿ ಒಳಗೆ ಬಂದವೆಂದು ಸುದ್ದಿಯಾದರೆ ನಿನ್ನ ನೌಕರಿ ಉಳಿಯುವುದಿಲ್ಲ, ನೋಡು.”

ಬೀರಸಿದ್ದಪ್ಪ ತಿರುಗಿ ಬಂದ. ಮಾಳಪ್ಪನ ಹಟ್ಟಿ ದಾರಿಯಲ್ಲೇ ಇತ್ತು. ಅಲ್ಲಿ ಇಳಿಯಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಯೂ ಹಾಗೆಯೇ ಅಂದುಕೊಂಡ. ಗೋಡೆಗುಂಟ ಅವನ ಸುತ್ತಾಟ ಹೆಚ್ಚಾಯಿತು. ಉಣ್ಣಲು ಕೂತವನು ತುತ್ತು ಬಿಟ್ಟು ಎದ್ದು ಗೇಟಿನವರೆಗೆ ಹೋಗಿ ಬರುತ್ತಿದ್ದ. ಊರಿನಲ್ಲಿ ಎದುರಾದವರು, “ಅಂತೂ ನಿನ್ನಿಂದ ಒಂದ ಚಲೋ ಕೆಲಸ ಆತು ನೋಡು,” ಎನ್ನುತ್ತಿದ್ದರು. ಅವನು ಹಲ್ಲು ಕಿರಿದು ಬೇಗ ಬೇಗ ದಾಟುತ್ತಿದ್ದ. ಒಂದು ದಿನ ಮಾಳಪ್ಪನ ಹೆಂಡತಿ ಮಾಯವ್ವ ತಾನಾಗಿ ಗೇಟಿಗೆ ಬಂದು ಒಂದು ಬುಟ್ಟಿ ಸಜ್ಜೆ ಕೊಟ್ಟು ಹೋದಳು. ಸಾವಿತ್ರವ್ವ ಆ ಸಜ್ಜೆಯನ್ನು ಮುಟ್ಟಲಿಲ್ಲ.

“ನೀವು ಹೇಳದಿದ್ರ ನಾ ಹೇಳ್ತೇನಿ,” ಎಂದಳು.

“ಹೆಂಗ ಹೇಳಲೇ? ಹದಿಮೂರ ವರ್ಷದ ಮ್ಯಾಲ ನನ್ನ ಮುಂದ ನೀರ ಇಟ್ಟಾನ ಆತ.”

“ಗೇಟ ತೆಗದ ಬಿಡ್ರಿ ಹಂಗಾರ. ನೌಕರಿ ಹೋದ್ರ ಹೋಗಲಿ.”

“ಗೇಟ ತೆಗಿಯೂದು ಖರೆ. ಅದಕ್ಕ ನಾ ಅಂಜಾಕತ್ತಿಲ್ಲ,” ಎಂದ ಬೀರಸಿದ್ದಪ್ಪ. ಅದು ನಿಜವೇ ಆಗಿತ್ತು. ಈ ವರ್ಷ ಗೇಟು ತೆಗೆದು ಸುಮ್ಮನಿದ್ದುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮಾಳಪ್ಪ ಬರುತ್ತಾನೆ, ತೊಳೆಯುತ್ತಾನೆ, ಖುಷಿಯಾಗಿ ಹೋಗುತ್ತಾನೆ. ಮುಂದಿನ ವರ್ಷಕ್ಕೆ ಯಾರಾದರೂ ಬೇರೆಯವರು ಗೇಟಿನಲ್ಲಿ ಕೂತು ತಡೆದರೆ ಸರಕಾರ ಮಾತಿಗೆ ತಪ್ಪಿತೆಂದು ಸರಕಾರವನ್ನು ಬೈಯುತ್ತಾರೆ. ಬೀರಸಿದ್ದಪ್ಪ ಮಾತ್ರ ಒಳ್ಳೆಯವನಾಗೇ ಉಳಿಯುತ್ತಾನೆ. ಈ ಉಪಾಯ ಅವನಿಗೆ ಹೊಳೆದು ಹದಿನೈದು ದಿನವಾಗಿತ್ತು. ಅವನನ್ನು ಕೂರಗೊಡದೆ ಸುತ್ತಿಸುತ್ತಿದ್ದದ್ದು ಅದು.

ದಸರೆ ಮುಗಿದು ಆರನೆಯ ದಿನ ಬೆಳಿಗ್ಗೆ ಹಿಂಡು ಬಂತು. ದೂರದ ದಿನ್ನೆಯ ಮೇಲೆ ಮೊದಲು ದೂಳು ಕಂಡಿತು, ಆಮೇಲೆ ಕುರಿಗಳ ದನಿ ಕೇಳಿಸಿತು. ಸ್ವಲ್ಪ ಹೊತ್ತಿನ ಹಿಂದೆಯೇ ಗಂಡಹೆಂಡತಿ ಸೇರಿ ತುಕ್ಕು ಹಿಡಿದ ಗೇಟಿನ ಎರಡೂ ಬಾಗಿಲು ದೂಡಿ ತೆರೆದಿದ್ದರು. ಸಾವಿತ್ರವ್ವ ಯಾರಿಗೂ ಹೇಳದೆ ಕ್ವಾರ್ಟರ್ಸಿನ ಪಾತ್ರೆ ಪಗಡ, ಹಾಸಿಗೆ ಎಲ್ಲ ಗಂಟು ಕಟ್ಟಿ ಹೊಸ್ತಿಲಲ್ಲಿ ಇಟ್ಟಿದ್ದಳು.

ನಾನೂರು ಕುರಿ, ನಾಲ್ಕು ನಾಯಿ, ಹಟ್ಟಿಯ ಹೆಂಗಸರು, ಎಲ್ಲರ ಮುಂದೆ ಮಾಳಪ್ಪ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತೆಂಗಿನಕಾಯಿ. ತೆರೆದ ಗೇಟು ಕಂಡದ್ದೇ ಅವನ ಮುಖ ಅರಳಿತು. ಅವನು ನಕ್ಕದ್ದನ್ನು ಬೀರಸಿದ್ದಪ್ಪ ನೋಡಿ ಎಷ್ಟೋ ಕಾಲವಾಗಿತ್ತು. ನಕ್ಕರೆ ಥೇಟು ಸೋಮಪ್ಪನೇ.

“ನೀರಿಗಿ ಇಳಿಯೂಕಿಂತ ಮೊದಲ ಸೋಮನ ಹೆಸರಿಲೆ ಕಾಯಿ ಒಡಿಯೂಣು. ನೀನ ಒಡಿ,” ಎಂದು ಮಾಳಪ್ಪ ಕಾಯಿಯನ್ನು ಬೀರಸಿದ್ದಪ್ಪನ ಕಡೆ ಚಾಚಿದ.

ಅದನ್ನು ತೆಗೆದುಕೊಳ್ಳಲು ಕೈ ಬರಲಿಲ್ಲ. ಬೀರಸಿದ್ದಪ್ಪ ಗೇಟಿನ ನಡುವೆಯೇ ನಿಂತ.

“ಅಣ್ಣಾ, ನಿಂದರು. ಸಾಹೇಬರು ಮಾತ ಕೊಟ್ಟಿಲ್ಲ. ಅದು ಗದ್ದಿಗಿ ಅನ್ನೂದ ಅವರಿಗಿ ಗೊತ್ತ ಇರಲಿಲ್ಲ. ನಾ ಹೇಳಿರಲಿಲ್ಲ. ಕುಂಡ್ರಿಸಿ ಸುಮ್ನ ಇದ್ದೆ. ಅರ್ಜಿ ಕೊಡೂ ದಿನಾನೂ ಹೋದುವು. ಬ್ಯಾಡ ಅಂದಾಂವ ನಾನ. ಲಗಮಣ್ಣ ಬಡಕೊಂಡ, ಕೇಳಲಿಲ್ಲ.”

ಮಾಳಪ್ಪನ ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು. “ಮತ್ತ ಗೇಟ ತೆಗದೀಯಲ್ಲ?”

“ಅದು ನಾ ತೆಗದದ್ದು. ಹುಕುಂ ಇಲ್ಲ.”

“ಮುಂದ ಈ ಜಾಗ ಯಾರದಾಗ್ತೈತಿ?”

“ಗೊತ್ತಿಲ್ಲ.”

“ಮುಂದಿನ ವರ್ಷ ಇಲ್ಲಿ ನೀರಿಗಿ ಇಳೀತೇವೋ ಇಲ್ಲೋ?”

“ಅದೂ ಗೊತ್ತಿಲ್ಲಣ್ಣಾ. ಸಾಹೇಬರಿಗೂ ಗೊತ್ತಿಲ್ಲ.”

ಹಿಂದಿನ ಕುರಿಗಳು ಮುಂದಿನವನ್ನು ಒತ್ತುತ್ತಿದ್ದವು. ಇಲ್ಲಿಗೇ ನಿಲ್ಲಿಸಬಹುದಿತ್ತು. ಬೀರಸಿದ್ದಪ್ಪನಿಗೂ ಹಾಗೆಯೇ ಅನ್ನಿಸಿತು. ಆದರೆ ಒಂದು ಸಲ ಬಿಚ್ಚಿದ ಬಾಯಿ ಮುಚ್ಚಲಿಲ್ಲ.

“ಅವತ್ತ ಸಾಹೇಬ ಒಳಗ ಇರಲಿಲ್ಲ,” ಎಂದ.

ಯಾವತ್ತು ಎಂದು ಮಾಳಪ್ಪ ಕೇಳಲಿಲ್ಲ.

“ಬೆಳಗಾವಿಗಿ ಹೋಗಿದ್ದ. ನಾನ ಸುಳ್ಳ ಹೇಳಿದೆ. ಸೋಮನ್ನ ಒಳಗ ಬಿಡಬಹುದಿತ್ತು. ಬಿಡಲಿಲ್ಲ.”

ಮಾಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾಳಪ್ಪ ಕೋಲು ಎತ್ತಿದರೆ ತಡೆಯಬಾರದೆಂದು ಬೀರಸಿದ್ದಪ್ಪ ಕೈಗಳನ್ನು ಹಿಂದೆ ಕಟ್ಟಿಕೊಂಡ. ಮಾಳಪ್ಪ ಕೋಲು ಎತ್ತಲಿಲ್ಲ. ಬಹಳ ಹೊತ್ತು ಅವನ ಮುಖವನ್ನೇ ನೋಡಿದ. ಆಮೇಲೆ ತೆರೆದ ಬಾಗಿಲಿನಾಚೆ ಬಾಯ್ಲರ್ ಮನೆಯ ಪಕ್ಕದಿಂದ ಕಾಣುವ ಹೊಳೆಯನ್ನು ನೋಡಿದ.

“ಬಾಜೂ ಸರಿ,” ಎಂದ. “ಕುರಿ ನಿಂದರಾಂಗಿಲ್ಲ.”

ಬೀರಸಿದ್ದಪ್ಪ ಪಕ್ಕಕ್ಕೆ ಸರಿದ. ನಾನೂರು ಕುರಿಗಳು ಅವನ ಮೊಣಕಾಲು ಸವರಿಕೊಂಡು ಒಳಗೆ ಹೋದವು. ಹೆಂಗಸರು ಅವನನ್ನು ನೋಡದೆ ದಾಟಿದರು. ಕಡೆಯ ಮರಿಯೂ ಹೋದ ಮೇಲೆ ಅವನು ಗೋಡೆಗೆ ಬೆನ್ನು ಹಚ್ಚಿ ಕುಕ್ಕುರುಗಾಲಿನಲ್ಲಿ ಕೂತ. ಒಳಗೆ ಬಂಡೆಯ ಮೇಲೆ ಗೊರಸುಗಳ ಸಪ್ಪಳ, ಬಂಡೆಗೆ ಕಾಯಿ ಒಡೆದ ಸದ್ದು, ನೀರಿಗೆ ಬಿದ್ದ ಮೊದಲ ಕುರಿಯ ಅರಚಾಟ, ಎಲ್ಲ ಕೇಳಿಸಿತು. ಅಳು ಬಂತು. ತಡೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಮಾಳಪ್ಪ ತಿರುಗಿ ಬಂದು ನಿಂತ. ಎದೆಯ ಮಟ ತೊಯ್ದಿದ್ದ, ಧೋತರದಿಂದ ನೀರು ಸುರಿಯುತ್ತಿತ್ತು, ಮುಖ ಗಂಟಿಕ್ಕಿಯೇ ಇತ್ತು.

“ನಾಕನೂರ ಕುರಿ ಅದಾವು. ಹಿಡಿಯಾಕ ನಂಗ ಒಬ್ಬ ಆಳ ಕಡಿಮಿ,” ಎಂದ. “ಹದಿಮೂರ ವರ್ಷದಿಂದ ಕಡಿಮಿ. ಏಳು, ಕೋಟ ತೆಗಿ.”

ಬೀರಸಿದ್ದಪ್ಪ ಎದ್ದ. ಗುಂಡಿ ಬಿಚ್ಚದೆಯೇ ಕೋಟನ್ನು ತಲೆಯ ಮೇಲಿಂದಲೇ ಎಳೆದು ಸಾವಿತ್ರವ್ವನ ಕೈಗೆ ಕೊಟ್ಟು, ಮಾಳಪ್ಪನ ಹಿಂದೆ ಹೊಳೆಗೆ ಇಳಿದ.